ಎರೆಹೊಸಕೊಪ್ಪದ ಅರೆಯಂಕಣ ದಿನ್ನಿ

೧೯೬೮ನೆಯ ಇಸವಿ ಮೇ ೧೧, ಶನಿವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಇರುವುದು ಇಷ್ಟು: ‘ದಿನ್ನಿಯ ಕೊಟ್ಟಿಗೆಯನ್ನು ಟೇಪು ಹಿಡಿದು ಅಳೆದೆ. ಕಂಬದ ಸಾಲು ಐದು, ಸಾಲಿಗೆ ನಾಲ್ಕರಂತೆ ಕಂಬ ಇಪ್ಪತ್ತು. ಅಂಕಣ ನಾಲ್ಕೂವರೆ. ಕಬ್ಬಿಣದ ಮೊಳೆ ಎಲ್ಲಿಯೂ ಸಿಗಲಿಲ್ಲ.’ ಮದುವೆಯಾಗಿ ಈ ಕೊಟ್ಟಿಗೆಯ ಮನೆತನಕ್ಕೆ ಬಂದ ಮೂರನೆಯ ಬೇಸಿಗೆ ಅದು. ಆ ದಿನದಿಂದ ಇಂದಿನವರೆಗೆ ಹನ್ನೊಂದು ಮಂದಿ ಹಿರಿಯರನ್ನು ಕೇಳಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ, ಹೊಂದಿದ್ದನ್ನು ಮಾತ್ರ ಇಟ್ಟುಕೊಂಡು ಇದನ್ನು ಬರೆದಿದ್ದೇನೆ.

ಎರೆಹೊಸಕೊಪ್ಪದ ಮೂಡಲಿಗೆ, ಕವಳಿಹಳ್ಳದಿಂದ ಎರಡು ಕೂಗಳತೆ ಈಚೆಗೆ, ಕಪ್ಪು ಹೊಲಗಳ ನಡುವೆ ಕೆಂಪಗೆ ಎದ್ದುನಿಂತ ಗರಸಿನ, ಅಂದರೆ ಗಟ್ಟಿ ಜಲ್ಲಿಮಣ್ಣಿನ, ದಿಬ್ಬವೊಂದಿದೆ. ಇಂಥ ದಿಬ್ಬಕ್ಕೆ ನಮ್ಮ ಕಡೆ ದಿನ್ನಿ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ಮಣ್ಣಿನ ಮಾಳಿಗೆ ಹೊತ್ತ ಉದ್ದನೆಯ ಮರದ ಕೊಟ್ಟಿಗೆ. ಒಳಗೆ ಈಗಲೂ ಹೊಟ್ಟು, ಜೋಳದ ಕಣಿಕೆ, ಬೀಜದ ಚೀಲ ಇಡುತ್ತಾರೆ. ಎರಡು ಗೋದಲಿಗಳಲ್ಲಿ ಎತ್ತುಗಳೂ ಮೇಯುತ್ತವೆ. ದೂರದಿಂದ ನೋಡಿದವರಿಗೆ ಇದೂ ಬಯಲುಸೀಮೆಯ ಎಲ್ಲ ಕೊಟ್ಟಿಗೆಗಳಂತೆಯೇ. ಹತ್ತಿರ ಬಂದರೆ ಮಾತ್ರ ಪಡುವಣ ತುದಿಯಲ್ಲಿ ಕಾಲು ನಿಲ್ಲುತ್ತದೆ. ಅಲ್ಲಿ ಮಾಳಿಗೆಯು ಕೊನೆಯ ಕಂಬಗಳನ್ನು ದಾಟಿ ನಾಲ್ಕು ಮೊಳ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ಕಂಬವಿಲ್ಲ, ಗೋಡೆಯಿಲ್ಲ, ಆಸರೆಗೆ ಒಂದು ಊರುಗೋಲೂ ಇಲ್ಲ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದು ಕತ್ತು ಮೇಲಕ್ಕೆತ್ತಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಕೆಳಗೆ ನಿಲ್ಲುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಊರ ಜನ ಅದರ ಕೆಳಗೇ ಬುತ್ತಿ ಬಿಚ್ಚುತ್ತಾರೆ. ದಿನ್ನಿಗೆ ಹೆಸರು ಬಂದದ್ದು ಈ ನಾಲ್ಕು ಮೊಳದಿಂದ.

ಅಂಕಣವೆಂದರೆ ಒಂದು ಸಾಲು ಕಂಬಕ್ಕೂ ಮುಂದಿನ ಸಾಲು ಕಂಬಕ್ಕೂ ನಡುವಿನ ಜಾಗ. ನಮ್ಮ ಕಡೆ ಮನೆಯನ್ನಾಗಲಿ ಕೊಟ್ಟಿಗೆಯನ್ನಾಗಲಿ ಗಜದಲ್ಲಿ ಹೇಳುವುದಿಲ್ಲ. ಐದಂಕಣ, ಏಳಂಕಣ ಎಂದೇ ಹೇಳುತ್ತಾರೆ. ಇದಕ್ಕೆ ಕಾರಣ ನೆಲ. ಈ ಕಪ್ಪು ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಕರುವಿನ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಇಂಥ ನೆಲದ ಮೇಲೆ ಎಬ್ಬಿಸಿದ ಗೋಡೆ ಹತ್ತು ಮಳೆಗಾಲದಲ್ಲಿ ಸೀಳುತ್ತದೆ. ಆದ್ದರಿಂದ ಮಾಳಿಗೆಯ ಭಾರವನ್ನು ಗೋಡೆಯ ಮೇಲೆ ಹಾಕಬಾರದೆಂದು ಹಿಂದಿನವರು ಕಂಡುಕೊಂಡರು. ಅಗಲವಾದ ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ಉದ್ದಕ್ಕೆ ತೊಲೆ, ತೊಲೆಗಳ ಮೇಲೆ ಅಡ್ಡಕ್ಕೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಕೊನೆಗೆ ಮೇಲ್ಮುದ್ದೆ, ಅಂದರೆ ನೀರು ಇಳಿಯದ ಸವುಳು ಮಣ್ಣಿನ ದಪ್ಪ ಪದರ. ಗೋಡೆ ಇರುವುದು ಗಾಳಿಗೆ ಮತ್ತು ಕಳ್ಳರಿಗೆ ಅಷ್ಟೇ. ಗೋಡೆ ಬಿದ್ದರೂ ಕೊಟ್ಟಿಗೆ ನಿಂತಿರುತ್ತದೆ. ಕೂಡಿಸಿದ ಕಡೆಯಲ್ಲೆಲ್ಲ ಮರದ ಬೆಣೆ ಹೊಡೆದಿರುವುದರಿಂದ, ಬೆಣೆ ಕಿತ್ತರೆ ಇಡೀ ಕೊಟ್ಟಿಗೆಯನ್ನು ಬಿಚ್ಚಿ ಬಂಡಿಯ ಮೇಲೆ ಹೇರಬಹುದು. ಮರ ಬೆಳೆಯದ ಸೀಮೆ ಇದು. ಪಡುವಣ ಕಾಡಿನಿಂದ ಎಂಟು ದಿನ ಬಂಡಿ ಹೊಡೆದು ತಂದ ಮತ್ತಿಯ ತೊಲೆಯನ್ನು ಹೊಲದಂತೆಯೇ ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು.

ಹಿಂದೆ ಒಮ್ಮೆ, ದೇಸಗತಿಯವರ ಆಳ್ವಿಕೆ ಇನ್ನೂ ನಡೆದಿದ್ದಾಗ, ಎರೆಹೊಸಕೊಪ್ಪದ ಹಳ್ಳದ ದಂಡೆಯಲ್ಲಿ ಒಂಬತ್ತು ಅಂಕಣದ ಕೊಟ್ಟಿಗೆಯೊಂದಿತ್ತು ಎನ್ನುತ್ತಾರೆ. ಸುತ್ತ ಹದಿನಾಲ್ಕು ಹಳ್ಳಿಗಳಲ್ಲಿ ಅಷ್ಟು ಉದ್ದದ್ದು ಬೇರೆ ಇರಲಿಲ್ಲ. ಅದನ್ನು ಕಟ್ಟಿಸಿದ ಗೌಡ ತೀರಿಕೊಂಡ ಮೇಲೆ ಮಕ್ಕಳಿಬ್ಬರು, ಹಿರಿಯ ಅಡಿವೆಪ್ಪಗೌಡ ಮತ್ತು ಕಿರಿಯ ಭೀಮನಗೌಡ, ಒಂದೇ ಒಲೆಯಲ್ಲಿ ಉಂಡು ಒಂದೇ ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದರು. ಕೊಟ್ಟಿಗೆಯ ಮೂಡಣ ಅರ್ಧ ಹಳ್ಳದ ಕಡೆಗಿತ್ತು. ಅಲ್ಲಿ ಭೀಮನಗೌಡನ ಎತ್ತುಗಳು. ಒಂದು ಹಸ್ತ ಮಳೆಯಲ್ಲಿ ಹಳ್ಳ ಏಕಾಏಕಿ ಏರಿ ಗೋದಲಿಯವರೆಗೆ ನೀರು ಬಂತು. ಎತ್ತುಗಳ ಕಣ್ಣಿ ಬಿಚ್ಚಲು ಹೋದ ಭೀಮನಗೌಡ ನಾಲ್ಕು ಎತ್ತನ್ನೂ ಬಿಟ್ಟ, ತಾನು ಹಿಂದೆ ಬರಲಿಲ್ಲ. ಅವನ ಹೆಂಡತಿ ತಿರಕವ್ವನಿಗೆ ಆಗ ಇಪ್ಪತ್ತೆಂಟು ವರ್ಷ. ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳು, ನೀಲವ್ವ ಮತ್ತು ಅವಳಿಗಿಂತ ಸಣ್ಣದೊಂದು ಕೂಸು.

ತಿರಕವ್ವ ಆ ಚಳಿಗಾಲವೆಲ್ಲ ಮುಂಜಾನೆ ಅದೇ ಕೊಟ್ಟಿಗೆಗೆ ಹೋಗಿ ಸಗಣಿ ಬಳಿಯುವಳು, ಅದೇ ಎತ್ತುಗಳಿಗೆ ಮೇವು ಹಾಕುವಳು. ಗೋಡೆಯ ಮೇಲೆ ನೀರು ನಿಂತ ಗೆರೆ ಅವಳ ಎದೆಯ ಮಟ್ಟಕ್ಕಿತ್ತು. ಅದಕ್ಕೆ ಸುಣ್ಣ ಹೊಡೆಯಲು ಬಂದ ಆಳನ್ನು ಆಕೆ ಬೈದು ಕಳಿಸಿದಳು. ಯುಗಾದಿಯ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು. ಪಾಲು ಬೇಕು, ಪಾಲಿನ ಕೊಟ್ಟಿಗೆ ಹಳ್ಳದ ದಂಡೆಯಲ್ಲಿ ಬೇಡ, ಬಿಚ್ಚಿ ದಿನ್ನಿಯ ಮೇಲೆ ಒಯ್ದು ನಿಲ್ಲಿಸುತ್ತೇನೆ ಎಂದಳು. ದಿನ್ನಿ ಅವಳ ಗಂಡನ ಪಾಲಿಗೇ ಬರುವ ಬರಡು ನೆಲ. ಅಲ್ಲಿ ಜೋಳ ಬೆಳೆಯದು, ಆದರೆ ನೀರೂ ಏರದು.

ಅಡಿವೆಪ್ಪಗೌಡ ಕೆಟ್ಟವನಲ್ಲ. ತಮ್ಮನ ಹೆಣ ಹುಡುಕಲು ಮೂರು ದಿನ ಹಳ್ಳದಲ್ಲಿ ತಾನೇ ಇಳಿದವನು. ಆದರೆ ಕೊಟ್ಟಿಗೆಯನ್ನು ಬಿಚ್ಚುವ ಮಾತು ಕೇಳಿ ಉಣ್ಣುತ್ತಿದ್ದ ತಾಟನ್ನು ಸರಿಸಿ ಎದ್ದ.

“ತಂಗೀ, ಅದು ನಮ್ಮಪ್ಪ ಕಟ್ಟಿಸಿದ್ದು. ಒಂದ ಮೈ ಇದ್ದಂಗ ಐತಿ. ಒಂದ ಕಡಿ ಕಾಲ ತಗದರ ಇನ್ನೊಂದ ಕಡಿ ನಿಂದರೂದಿಲ್ಲ,” ಎಂದ.

“ನೀರಾಗ ಇರೂ ಕಾಲು ನನ್ನದು, ಭಾವನ್ಯಾರ,” ಎಂದಳು ತಿರಕವ್ವ.

ಊರ ಹಿರಿಯರು ಕೂಡಿದರು. ದೈವದ, ಅಂದರೆ ಊರ ಪಂಚಾಯಿತಿಯ, ಮುಖ್ಯಸ್ಥ ಫಕೀರಜ್ಜ, ಎಂಬತ್ತು ದಾಟಿದವನು, ಕಿವಿ ಮಂದ, ನಾಲಿಗೆ ಚುರುಕು. ಆ ಸೀಮೆಯಲ್ಲಿ ಬೇರೆ ಬೇಸಾಯ ಎಂದು ಒಪ್ಪಬೇಕಾದರೆ ಒಂದು ಕಟ್ಟಳೆಯಿತ್ತು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊಟ್ಟಿಗೆಯಿಂದ ಹೊರಗೆ ಬಿಡುತ್ತಾರಲ್ಲ, ಅಂದು ಯಾರ ಎತ್ತು ಅವರದೇ ಮಾಳಿಗೆಯ ಕೆಳಗಿನಿಂದ ಹೊರಬರುತ್ತದೆಯೋ ಅವರದು ಆ ವರ್ಷ ಬೇರೆ ನೇಗಿಲು. ಸ್ವಂತ ಮಾಳಿಗೆ ಇಲ್ಲದವರ ಹೊಲ ಹಿರಿಯ ಮನೆಯ ನೇಗಿಲಿಗೆ ಸೇರುತ್ತಿತ್ತು. ಒಮ್ಮೆ ಸೇರಿದ ಹೊಲ ಮತ್ತೆ ಬಿಡಿಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ತಿರಕವ್ವ ಇದನ್ನು ಬಲ್ಲಳು. ಕಾರಹುಣ್ಣಿಮೆಗೆ ಕೊಟ್ಟಿಗೆ ನಿಲ್ಲದಿದ್ದರೆ ತಾನೂ ಮಕ್ಕಳೂ ಭಾವನ ಅಡುಗೆಮನೆಯಲ್ಲಿ ಕೊನೆಯ ಎಲೆಗೆ ಕೂಡುವವರು. ಹೆಣ್ಣುಮಕ್ಕಳ ಪಾಲಿಗೆ ಹೊಲದ ಹೆಸರೂ ಉಳಿಯುವುದಿಲ್ಲ. ಯುಗಾದಿಯಿಂದ ಕಾರಹುಣ್ಣಿಮೆಗೆ ಎಪ್ಪತ್ತೈದು ದಿನ.

ಹಿರಿಯರು ಕೊಟ್ಟಿಗೆಗೆ ಹೋಗಿ ಅಂಕಣ ಎಣಿಸಿದರು. ಒಂಬತ್ತು. ಇಬ್ಬರಿಗೆ ನಾಲ್ಕೂವರೆ. ಫಕೀರಜ್ಜ ಐದನೆಯ ಅಂಕಣದ ನಡುಮಧ್ಯೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದ. ಗೆರೆಯ ಮೇಲೆ ತಲೆ ಎತ್ತಿ ನೋಡಿದರೆ ನಾಲ್ಕು ತೊಲೆಗಳು, ಒಂದೊಂದೂ ಎಂಟು ಮೊಳ ಉದ್ದ, ಗೆರೆಯನ್ನು ದಾಟಿ ಆಚೆ ಈಚೆ ಮಲಗಿದ್ದವು.

“ಕೊಯ್ಯೋದು, ಮತ್ತೇನು,” ಎಂದ ಫಕೀರಜ್ಜ. “ನಾಲ್ಕು ಅರ್ಧ ಆಕಿಗೆ, ನಾಲ್ಕು ಅರ್ಧ ಇವಗ.”

ಬಡಿಗ ಮಾನಪ್ಪ ಮೂಲೆಯಲ್ಲಿ ಕೂತಿದ್ದ. ಆ ಕೊಟ್ಟಿಗೆಗೆ ಉಳಿ ಹಚ್ಚಿದವನು ಅವನ ತಂದೆ. “ಯಜ್ಜಾ, ನಾಲ್ಕು ಮೊಳದ ತುಂಡು ಎರಡನೇ ಕಂಬಾ ಮುಟ್ಟೂದಿಲ್ಲ. ಅದನ್ನ ಏನ ಮಾಡ್ಲಿ, ನಿನಗ ಊರುಗೋಲು ಮಾಡಿ ಕೊಡ್ಲ್ಯಾ?” ಎಂದ. ಜನ ನಕ್ಕರು. ಫಕೀರಜ್ಜನಿಗೆ ಪೂರ್ತಿ ಕೇಳಿಸಲಿಲ್ಲ. ನಕ್ಕಿದ್ದು ಮಾತ್ರ ಕಂಡಿತು. ಸಿಟ್ಟು ಬಂತು. ತೊಲೆಯ ಚಿಂತೆ ನಮಗೆ ಬೇಡ, ಕಾರಹುಣ್ಣಿಮೆಗೆ ದಿನ್ನಿಯ ಮೇಲೆ ನಾಲ್ಕೂವರೆ ಅಂಕಣ ನಿಂತಿರಬೇಕು, ಒಂದು ಗೇಣು ಕಡಿಮೆಯಾದರೂ ಪಾಲು ಪಾಲಲ್ಲ ಎಂದು ತೀರ್ಪು ಹೇಳಿಬಿಟ್ಟ. ಅಡಿವೆಪ್ಪಗೌಡ ಹೊರಗೆ ಬಂದು, ತಲೆಗೆ ಪಟಗ ಸುತ್ತಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಹೇಳಿದನಂತೆ: “ನಾಲ್ಕು ಯಾರರೆ ನಿಂದರಸ್ತಾರ. ಆ ಅರ್ಧ ಒಂದು ನಿಂದರಸು ತಂಗಿ, ನಾನ ಬಂದು ಅದರ ಮ್ಯಾಲೆ ಕುಂದರ್ತೀನಿ.”

ತಿರಕವ್ವ ಅಂದು ಮನೆಗೆ ಹೋಗಲಿಲ್ಲ. ಹಿರಿಯರೆಲ್ಲ ಹೋದ ಮೇಲೆ ಗೋದಲಿಯ ಕಟ್ಟೆಯ ಮೇಲೆ ಕೂತು ಕೊಟ್ಟಿಗೆಯ ಉದ್ದಕ್ಕೂ ನೋಡಿದಳು. ಹನ್ನೊಂದು ವರ್ಷ ಆ ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದವಳು ಅವಳು. ಎತ್ತು ಕಟ್ಟುವವರಿಗೆ ಅಂಕಣ ಕಾಣುವುದಿಲ್ಲ, ಕಂಬ ಕಾಣುತ್ತದೆ. ಯಾವ ಕಂಬ ಕಣ್ಣಿಯಿಂದ ಸವೆದಿದೆ, ಯಾವ ಕಂಬಕ್ಕೆ ಎತ್ತು ಮೈ ತಿಕ್ಕುತ್ತದೆ, ಎಲ್ಲವೂ ಅವಳ ಅಂಗೈಗೆ ಗೊತ್ತು. ಕೂತಲ್ಲಿಯೇ ಸಾಲು ಎಣಿಸಿದಳು. ಹತ್ತು! ಒಂಬತ್ತು ಅಂಕಣಕ್ಕೆ ಕಂಬದ ಸಾಲು ಹತ್ತು. ಹಿರಿಯರು ಎಣಿಸಿದ್ದು ಕಂಬಗಳ ನಡುವಿನ ಬಯಲನ್ನು. ಮರವನ್ನು ಎಣಿಸಿರಲೇ ಇಲ್ಲ. ಮರವನ್ನು ಎಣಿಸಿದರೆ ಐದು ಸಾಲು ಅವಳಿಗೆ, ಐದು ಸಾಲು ಭಾವನಿಗೆ, ಒಂದು ಕಂಬವೂ ಜಗಳಕ್ಕೆ ಉಳಿಯುವುದಿಲ್ಲ. ನಡುವಿನ ಅಂಕಣದ ನಾಲ್ಕು ತೊಲೆಗಳನ್ನು ಅರ್ಧರ್ಧ ಕೊಯ್ಯುವ ಬದಲು ಎರಡು ಇಡೀ ತೊಲೆ ಅವಳಿಗೆ, ಎರಡು ಭಾವನಿಗೆ.

ಮಾರನೆಯ ದಿನ ಫಕೀರಜ್ಜನ ಕಿವಿಯ ಹತ್ತಿರ ಬಾಯಿ ಇಟ್ಟು ಇದನ್ನು ಮೂರು ಸಲ ಹೇಳಿದಳು. ಅಜ್ಜ ಬೆರಳು ಮಡಚಿ ಬಿಚ್ಚಿ, ಕೊನೆಗೆ, “ಕೊಯ್ಯೂ ಕೆಲಸ ಉಳೀತು. ಆಗಲಿ,” ಎಂದ. ಆದರೆ ನಾಲ್ಕೂವರೆ ಅಂಕಣದ ಮಾತನ್ನು ಆತ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೈವದಲ್ಲಿ ಆಡಿದ ಮಾತು ಅದು. ಆಕೆಯೂ ಕೇಳಲಿಲ್ಲ.

ಮಾನಪ್ಪನ ಮನೆಗೆ ಹೋದಳು. ಅವನು ಬಿತ್ತುವ ಕೂರಿಗೆಯ ತಾಳಿಗೆ ತೂತು ಕೊರೆಯುತ್ತಿದ್ದ, ತಲೆ ಎತ್ತಲಿಲ್ಲ.

“ಗೌಡತಿ, ಅಂಕಣ ಅಂದರ ಎರಡು ಕಂಬದ ನಡುವಿನ ಜಾಗಾ. ಒಂದ ಕಡಿ ಕಂಬಾನಽ ಇಲ್ಲಂದ್ರ ಅದು ಎಂಥಾ ಅಂಕಣಾ? ನಮ್ಮಪ್ಪ ಕಟ್ಟಿಲ್ಲ, ನಮ್ಮಜ್ಜ ಕಟ್ಟಿಲ್ಲ. ಎರಡು ಕಂಬಾ ತರಸು, ಒಂಬತ್ತು ದಿನದಾಗ ನಿಂದರಸ್ತೀನಿ.”

“ಕಂಬಾ ತರಾಕ ಕಾಡಿಗೆ ಹೋಗಿ ಬರೂದ್ರಾಗ ಕಾರಹುಣ್ವಿ ಮುಗೀತೈತಿ ಕಾಕಾ. ಇದ್ದದ್ದರಾಗ ಹೇಳು.”

“ಇದ್ದದ್ದರಾಗ ಆಗೂದಿಲ್ಲ.”

ತಿರಕವ್ವ ಅಂಗಳಕ್ಕೆ ಬಂದಳು. ಅಲ್ಲಿ ಮಾನಪ್ಪನ ಚಕ್ಕಡಿ, ನೊಗ ಕಟ್ಟುವ ಮುಂದಿನ ಮೂಕಿಯನ್ನು ನೆಲಕ್ಕೂರಿ, ನಿಂತಿತ್ತು. ಆಕೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಚಕ್ಕಡಿಯ ಹಿಂದಿನ ತುದಿಗೆ ಹತ್ತಿ ಕೂತಳು. ಮೂಕಿ ಮೆಲ್ಲಗೆ ಮೇಲೆದ್ದಿತು. ಅಂಗಳದಲ್ಲಿ ಬಿದ್ದಿದ್ದ ಮರದ ದಿಮ್ಮಿಯನ್ನು ಮುಂಭಾಗಕ್ಕೆ ಇಡು ಎಂದು ಮಾನಪ್ಪನ ಸೊಸೆಗೆ ಹೇಳಿದಳು. ಇಟ್ಟಳು. ಮೂಕಿ ಮತ್ತೆ ನೆಲಕ್ಕೆ ಕೂತಿತು. ಹಿಂದಿನ ತುದಿಯಲ್ಲಿ ತಿರಕವ್ವ ಕಾಲು ಇಳಿಬಿಟ್ಟು ಬಯಲಿನಲ್ಲಿ ಕೂತೇ ಇದ್ದಳು. “ನನ್ನ ಕೆಳಗ ಕಂಬಾ ಐತೇನ ಕಾಕಾ?” ಎಂದಳು. ಮಾನಪ್ಪ ಕೊರೆಯುವುದನ್ನು ನಿಲ್ಲಿಸಿ ಎರಡು ಗಾಲಿಗಳ ನಡುವಿನ ಅಚ್ಚನ್ನು ನೋಡಿದ. ಆಮೇಲೆ ಎದ್ದು ಒಳಗೆ ಹೋಗಿ ನೂಲು, ಸುಣ್ಣ, ಮೊಳಗೋಲು ತಂದ. “ಇಳಿ ಕೆಳಗ. ನನ್ನ ಚಕ್ಕಡಿ ಮುರಿದೀ,” ಎಂದ. ಅದೇ ಅವನ ಒಪ್ಪಿಗೆ.

ಅವನ ಎಣಿಕೆ ಹೀಗಿತ್ತು. ಎಂಟು ಮೊಳದ ತೊಲೆಯನ್ನು ಕೊನೆಯ ಸಾಲಿನ ಕಂಬದ ತಲೆಯ ಮೇಲೆ ನಡುಮಧ್ಯಕ್ಕೆ ಕೂರಿಸುವುದು. ನಾಲ್ಕು ಮೊಳ ಒಳಗಿನ ತೊಲೆಯ ಬೆನ್ನ ಮೇಲೆ ಮಲಗಬೇಕು, ನಾಲ್ಕು ಮೊಳ ಹೊರಗೆ ಬಯಲಿಗೆ ಚಾಚಬೇಕು. ಒಳಗಿನ ಅಂಕಣದ ಮಾಳಿಗೆಗೆ ದುಪ್ಪಟ್ಟು ಮೇಲ್ಮುದ್ದೆ ಹೇರಿದರೆ ಆ ಭಾರವೇ ತೊಲೆಯ ಬಾಲವನ್ನು ಅದುಮಿ ಹಿಡಿಯುತ್ತದೆ. ಹೊರಗಿನ ಅರ್ಧಕ್ಕೆ ತೆಳುವಾದ ಜಂತಿ, ತೆಳುವಾದ ಮಣ್ಣು. ಅಡಿಗಲ್ಲು ಗರಸಿನ ಮೇಲೆ ಇರುವುದರಿಂದ ಕುಸಿಯದು. ಎರೆಯ ಮೇಲೆ ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ ಎಂದು ಬಡಿಗೇರ ಮನೆತನದವರು ಈಗಲೂ ಹೇಳುತ್ತಾರೆ.

ಬಿಚ್ಚುವ ಕೆಲಸಕ್ಕೆ ಊರ ಗಂಡಸರು ಮುಂದೆ ಬರಲಿಲ್ಲ. ಹಿರಿಯ ಗೌಡನ ಮುಖ ನೋಡಬೇಕಲ್ಲ. ಬಂದವರು ಹೆಂಗಸರು. ಗಂಡ ಹೋದ ಮೇಲೆ ತಿರಕವ್ವ ಗೌಡತಿ ಎಂಬುದನ್ನು ಬದಿಗಿಟ್ಟು ಇವರ ಹೊಲಗಳಲ್ಲಿ ಕಸ ತೆಗೆಯಲು ಮುಯ್ಯಾಳಾಗಿ ಹೋಗಿದ್ದಳು. ಒಬ್ಬರ ಹೊಲಕ್ಕೆ ಒಂದು ದಿನ ಹೋದರೆ ಅವರು ಒಂದು ದಿನ ತಿರುಗಿ ಬರಬೇಕು. ಯಾವ ಗೌಡನೂ ಬೇಡ ಎನ್ನಲಾಗದ ಋಣ ಅದು. ಮೂವತ್ತು ಮಂದಿ ಬುಟ್ಟಿ ಹಿಡಿದು ಬಂದರು. ಮೊದಲು ಮೇಲ್ಮುದ್ದೆ ಅಗೆದು ಇಳಿಸಿದರು. ಆ ಮಣ್ಣು ಮುಪ್ಪಾದಷ್ಟೂ ನೀರು ತಡೆಯುತ್ತದೆ. ಅದನ್ನು ಬಿಸಾಡುವಂತಿಲ್ಲ, ಬುಟ್ಟಿಬುಟ್ಟಿಯಾಗಿ ದಿನ್ನಿಗೆ ಹೊತ್ತರು. ಕಟ್ಟಿಗೆ, ಜಂತಿ, ತೊಲೆ, ಬೋದಿಗೆ, ಕೊನೆಗೆ ಕಂಬ. ಒಂದೊಂದು ಬೆಣೆ ಕಿತ್ತಾಗಲೂ ಮಾನಪ್ಪ ಅದನ್ನು ಬಾಯಲ್ಲಿ ಕಚ್ಚಿ ನೋಡಿ, “ಅಪ್ಪ ಹೊಡದದ್ದು, ಕಲ್ಲು ಇದ್ದಂಗ ಐತಿ,” ಎಂದು ಎಣಿಸಿ ಚೀಲಕ್ಕೆ ಹಾಕುತ್ತಿದ್ದ. ಅಡಿವೆಪ್ಪಗೌಡ ತನ್ನ ಅರ್ಧದಲ್ಲಿ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಒಂದು ದಿನ ಹಳ್ಳದ ಕಡೆಯ ಗೋಡೆಯನ್ನು ಕೆಡವಿ ಅದರ ಕಲ್ಲನ್ನು ಬಂಡಿಗೆ ಹೇರುವಾಗ ಎದ್ದು ಬಂದ.

“ತಂಗೀ, ಗ್ವಾಡಿ ಬಿಡು. ಹಳ್ಳದ ಏಟು ಅದರ ಮ್ಯಾಲೆ ಬೀಳತೈತಿ. ಅದು ಹೋದರ ನನ್ನ ಕಡಿ ಬಯಲು ಬೀಳತೈತಿ.”

“ನಿಮ್ಮ ಕಡೀನೂ ಬಿಚ್ಚರಿ ಭಾವನ್ಯಾರ. ದಿನ್ನಿ ಮ್ಯಾಲೆ ಜಾಗಾ ಐತಿ. ಒಂಬತ್ತೂ ಅಂಕಣ ಹಿಡೀತೈತಿ.”

“ನಿನ್ನ ದಿನ್ನಿ ಮ್ಯಾಲೆ ನಾ ಎತ್ತು ಕಟ್ಟಲ್ಯಾ?” ಎಂದು ಅವನು ತಿರುಗಿ ಹೋದ. ತಿರಕವ್ವ ಸ್ವಲ್ಪ ಹೊತ್ತು ಆ ಗೋಡೆಯ ಮುಂದೆ ನಿಂತಳು. ನೀರಿನ ಗೆರೆ ಇನ್ನೂ ಇತ್ತು. ದಿನ್ನಿಯ ಮೇಲೆ ಕಲ್ಲು ಸಿಗದು, ಅಡಿಗಲ್ಲಿನ ಸುತ್ತ ಕಟ್ಟೆಗೆ ಕಲ್ಲು ಬೇಕು, ಗೋಡೆ ಅವಳ ಪಾಲಿನದು. ಹೇರಿರಿ ಎಂದಳು.

ದಿನ್ನಿಯ ಏರು ಕಡಿದು. ಇಪ್ಪತ್ತು ಕಂಬ ಏರಿಸಲು ಹತ್ತು ದಿನ ಹಿಡಿಯಿತು. ಕಂಬಗಳ ಬುಡದಲ್ಲಿ ಮಾನಪ್ಪನ ತಂದೆ ಕೆತ್ತಿದ್ದ ಗುರುತುಗಳಿದ್ದವು; ಮೊದಲ ಸಾಲಿಗೆ ಒಂದು ಕಚ್ಚು, ಎರಡನೆಯದಕ್ಕೆ ಎರಡು. ಕಚ್ಚು ಇರುವ ಮುಖ ಮೂಡಲಿಗೆ ಬರಬೇಕು. ಹಳ್ಳದ ದಂಡೆಯಲ್ಲಿ ಎಲ್ಲರೂ ಹಳ್ಳವನ್ನು ನೋಡಿ ಮೂಡಲು ಗುರುತಿಸುವವರು. ದಿನ್ನಿಯ ಮೇಲೆ ಹಳ್ಳ ಬೆನ್ನ ಹಿಂದೆ ಹೋಗಿ, ಅವಸರದಲ್ಲಿ ಮೂರನೆಯ ಸಾಲನ್ನು ಪಡುವಲಿಗೆ ಮುಖ ಮಾಡಿ ನಿಲ್ಲಿಸಿಬಿಟ್ಟರು. ತೊಲೆ ಏರಿಸಿದ ಮೇಲೆ ಒಂದು ಬೆಣೆಯೂ ತೂತಿಗೆ ಸಮನಾಗಲಿಲ್ಲ. ಹೊಸ ತೂತು ಕೊರೆದರಾಯಿತು ಎಂದರು ಕೆಲವರು. ತಿರಕವ್ವ ಕೇಳಲಿಲ್ಲ. ನಾಲ್ಕು ತೊಲೆ ಇಳಿಸಿ, ನಾಲ್ಕು ಕಂಬ ತಿರುಗಿಸಿ, ಮತ್ತೆ ಏರಿಸಿದರು. ಎರಡು ದಿನ ಹೋಯಿತು. ಅಷ್ಟರಲ್ಲಿ ಕಾರಹುಣ್ಣಿಮೆಗೆ ಉಳಿದದ್ದು ಎಂಟೇ ದಿನ.

ಹೊರಗೆ ಚಾಚಬೇಕಾದ ಆ ಎರಡು ತೊಲೆಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಮೊದಲನೆಯದನ್ನು ದಿನ್ನಿಗೆ ಎಳೆಯುವಾಗ ಕೆಂದ ಎಂಬ ಎತ್ತು ಏರಿನ ನಡುವೆ ಮುಂಗಾಲು ಮಡಚಿ ಬಿದ್ದಿತು. ಭೀಮನಗೌಡ ಕಣ್ಣಿ ಬಿಚ್ಚಿ ಉಳಿಸಿದ್ದ ನಾಲ್ಕರಲ್ಲಿ ಅದೊಂದು. ಏಳಲಿಲ್ಲ. ತಿರಕವ್ವ ಅದರ ಕೊರಳಿನ ನೊಗ ತಾನೇ ಬಿಚ್ಚಿ, ಜೋಡಿ ಎತ್ತಿನ ಪಕ್ಕದಲ್ಲಿ ಆ ನೊಗಕ್ಕೆ ತಾನು ಹೆಗಲು ಕೊಟ್ಟಳು. ಮುಯ್ಯಿಗೆ ಬಂದ ಹೆಂಗಸರು ಹಿಂದಿನಿಂದ ತೊಲೆಗೆ ಕೈ ಹಚ್ಚಿದರು. ಸಂಜೆಗೆ ತೊಲೆ ಮೇಲಿತ್ತು. ಅದನ್ನು ಕಂಬದ ತಲೆಗೆ ಏರಿಸುವ ಹೊತ್ತಿನಲ್ಲಿ ಹಗ್ಗ ಜಾರಿ, ಬೋದಿಗೆಗೂ ತೊಲೆಗೂ ನಡುವೆ ಮಾನಪ್ಪನ ಎಡಗೈ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. “ಗೌಡತಿ, ತೊಲಿ ಸರಿಯಾಗಿ ಕುಂತೈತೇನ ನೋಡು ಮೊದಲ,” ಎಂದನಂತೆ. ಕುಳಿತಿತ್ತು. ಎರಡನೆಯ ತೊಲೆಯನ್ನು ಅವನು ನೆಲದ ಮೇಲೆ ಕೂತು, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಬಾಯಿಮಾತಿನಲ್ಲೇ ಕೂರಿಸಿದ.

ಕಾರಹುಣ್ಣಿಮೆಯ ಮುಂಜಾನೆ ದೈವದವರು ದಿನ್ನಿ ಹತ್ತಿದರು. ಫಕೀರಜ್ಜನನ್ನು ಹೊತ್ತು ತಂದರು. ನಾಲ್ಕು ಅಂಕಣ ಎಣಿಸಿದರು. ಆಮೇಲೆ ಪಡುವಣ ತುದಿಗೆ ಬಂದು ಎಲ್ಲರೂ ತಲೆ ಎತ್ತಿದರು. ಮಾಳಿಗೆ ಬಯಲಿಗೆ ಚಾಚಿ ನಿಂತಿತ್ತು. ಫಕೀರಜ್ಜ ಕೋಲಿನಿಂದ ಕೆಳಗಿನ ಗಾಳಿಯನ್ನು ಆಚೆ ಈಚೆ ತಡವಿ ಕಂಬ ಹುಡುಕಿದ. “ಕಂಬಾ ಎಲ್ಲೈತೋ?” ಎಂದ. “ಇಲ್ಲ ಯಜ್ಜಾ,” ಎಂದ ಮಾನಪ್ಪ. “ಮತ್ತ ಹೆಂಗ ನಿಂತೈತಿ?” “ಗೌಡತಿ ಹೇಳ್ಯಾಳ, ನಿಂತೈತಿ.”

ಅಡಿವೆಪ್ಪಗೌಡ ಆಡಿದ ಮಾತಿಗೆ ತಪ್ಪುವವನಲ್ಲ. ಏಣಿ ತರಿಸಿದ. ದಪ್ಪ ಆಳು, ಏಣಿ ಕಿರುಗುಟ್ಟಿತು. ಮಾಳಿಗೆ ಹತ್ತಿ, ಒಳಗಿನ ದುಪ್ಪಟ್ಟು ಮುದ್ದೆಯ ಮೇಲೆ ನಡೆದು, ಕೊನೆಯ ಸಾಲನ್ನು ದಾಟಿ ಅರ್ಧ ಅಂಕಣದ ತುದಿಗೆ ಹೋದ. ನೀಲವ್ವ ತಾಯಿಯ ಸೀರೆ ಹಿಡಿದುಕೊಂಡು, “ದೊಡ್ಡಪ್ಪ ಬೀಳ್ತಾನೇನವ್ವಾ?” ಎಂದಳು. “ಬೀಳೂದಿಲ್ಲ,” ಎಂದಳು ತಿರಕವ್ವ. ಗೌಡ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ. ಸಂಚಿ ಬಿಚ್ಚಿ, ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಹಾಕಿಕೊಂಡು ಪೂರ್ತಿ ಜಗಿದ. ತೊಲೆ ಅಲುಗಲಿಲ್ಲ. ಆಮೇಲೆ ಅವನು ಇಳಿದು ಬಂದು, ಯಾರನ್ನೂ ನೋಡದೆ, “ನಿಂತೈತಿ,” ಎಂದು ಒಂದೇ ಮಾತು ಹೇಳಿ ದಿನ್ನಿ ಇಳಿದ. ತಿರಕವ್ವ ಕೋಡಿಗೆ ಕೆಂಪು ಬಳಿದ ಮೂರು ಎತ್ತುಗಳನ್ನು ಕೊಟ್ಟಿಗೆಯ ಒಳಗಿನಿಂದ ಹಿಡಿದು ತಂದು, ಆ ಅರ್ಧ ಅಂಕಣದ ಕೆಳಗಿನಿಂದಲೇ ಹೊರಗೆ ಬಿಟ್ಟಳು. ಆ ವರ್ಷ ಅವಳದು ಬೇರೆ ನೇಗಿಲು. ಆಮೇಲೆ ಎಂದೂ ಅದು ಯಾರ ನೇಗಿಲಿಗೂ ಸೇರಲಿಲ್ಲ. ಹೊಲ ಇಬ್ಬರು ಹೆಣ್ಣುಮಕ್ಕಳ ಹೆಸರಿಗೆ ಇಳಿಯಿತು. ನೀಲವ್ವನ ಸಂತತಿಯವರು ಇಂದಿಗೂ ಅದನ್ನು ಉಳುತ್ತಾರೆ. ಜನ ದಿನ್ನಿಯನ್ನು ಅರೆಯಂಕಣ ದಿನ್ನಿ ಎಂದು ಕರೆಯತೊಡಗಿದ್ದು ಆ ಮುಂಜಾನೆಯಿಂದ ಎನ್ನುತ್ತಾರೆ.

ಅದೇ ವರ್ಷ ಹಸ್ತ ಮಳೆಯಲ್ಲಿ ಕವಳಿಹಳ್ಳ ಮತ್ತೆ ಏರಿತು. ತಡೆಯಲು ಗೋಡೆ ಇರಲಿಲ್ಲ. ಹಾಡುಹಗಲೇ ನೀರು ನೇರವಾಗಿ ಅಡಿವೆಪ್ಪಗೌಡನ ಐದು ಸಾಲುಗಳಿಗೆ ಬಡಿಯಿತು. ಅಡಿಗಲ್ಲುಗಳು ಒಂದೊಂದಾಗಿ ಎರೆಯೊಳಗೆ ಜಾರಿ ಕೊಟ್ಟಿಗೆ ಒಂದು ಕಡೆಗೆ ವಾಲಿ ದನಗಳ ಮೇಲೆಯೇ ಮಲಗಿತು. ದಿನ್ನಿಯ ಮೇಲಿನಿಂದ ತಿರಕವ್ವ ಅದನ್ನು ಕಂಡಳು. ಹಗ್ಗ ಹಿಡಿದು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಗೋಡೆ ಒಂದಿದ್ದರೆ ನಿಲ್ಲುತ್ತಿತ್ತೇ ಎಂದು ಆಕೆ ಮಾನಪ್ಪನನ್ನು ಕೇಳಿದಳಂತೆ. ಆತ ಸುಳ್ಳು ಹೇಳುವವನಲ್ಲ, ನಿಲ್ಲುತ್ತಿತ್ತು ಎಂದ. ಭಾವನ ಉಳಿದ ದನಗಳನ್ನು ದಿನ್ನಿಗೆ ತಂದು ಕಟ್ಟಲು ನೀಲವ್ವನ ಕೈಯಲ್ಲಿ ಹೇಳಿ ಕಳಿಸಿದಳು. ದನಗಳು ಬಂದವು, ಆ ಮಳೆಗಾಲವೆಲ್ಲ ಅಲ್ಲಿಯೇ ಮೇವು ತಿಂದವು. ಅಡಿವೆಪ್ಪಗೌಡ ಬರಲಿಲ್ಲ.

ಇಂದು ಹೋದವರು ನೋಡಬಹುದು. ಕಂಬಗಳ ಬುಡದಲ್ಲಿ ಕಚ್ಚುಗಳಿವೆ, ಒಂದರಿಂದ ಐದರವರೆಗೆ, ಎಲ್ಲವೂ ಮೂಡಲಿಗೆ ಮುಖ ಮಾಡಿ. ಕೊನೆಯ ಅಂಕಣದ ಮೇಲ್ಮುದ್ದೆ ಉಳಿದದ್ದಕ್ಕಿಂತ ಒಂದು ಮೊಳ ಎತ್ತರ. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಅದರ ಮೇಲೆ ಹೊಸ ಮಣ್ಣು ಹಾಕಿಸುತ್ತೇವೆ. ಬಂದವರಲ್ಲಿ ಕೆಲವರು ಇಷ್ಟು ಕಟ್ಟಲು ಎಷ್ಟು ಖರ್ಚು ಬಿದ್ದಿರಬಹುದು ಎಂದು ಕೇಳುತ್ತಾರೆ. ಹಿರಿಯರ ಬಾಯಿಂದ ಕೇಳಿ ಬರೆದಿಟ್ಟುಕೊಂಡದ್ದು ಇಷ್ಟು: ಎಪ್ಪತ್ತೈದು ದಿನ, ಮೂವತ್ತು ಹೆಂಗಸರ ಮುಯ್ಯಿ. ಕೆಂದ ಎಂಬ ಎತ್ತು. ಮಾನಪ್ಪನ ಎಡಗೈಯ ಎರಡು ಬೆರಳು; ಆಮೇಲೆ ಅವನು ಮರ ಕೆತ್ತುವ ಬಾಚಿ ಹಿಡಿಯಲಿಲ್ಲ. ಹಳ್ಳದ ದಂಡೆಯ ನಾಲ್ಕು ಅಂಕಣ, ಅದರ ಕೆಳಗೆ ಸಿಕ್ಕ ಆರು ದನ. ಮತ್ತು ಎರಡು ಮನೆಗಳ ಊಟ. ಒಬ್ಬರ ಮದುವೆಗೆ ಇನ್ನೊಬ್ಬರು ಬಂದರು, ಅಕ್ಷತೆ ಹಾಕಿದರು. ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತದ್ದು ಮೂರು ತಲೆಮಾರಿನವರೆಗೆ ಇಲ್ಲ.